ವಿಮಾನದ ರೆಕ್ಕೆಯಲ್ಲಿ ಸೋರುವ ಪೆಟ್ರೋಲು

ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ನೀರು ತೊಟ್ಟಿಕ್ಕುವ ಸ್ಥಳದ ನೇರ ಮೇಲೆಯೇ ಒಡೆದ ಹೆಂಚು ಇರಬೇಕೆಂಬ ನಿಯಮವಿಲ್ಲ. ಒಡಕು ಎಲ್ಲಿಯೋ ಇರುವುದು; ಅಲ್ಲಿಂದ ಒಳಹೊಕ್ಕ ನೀರು ರೀಪಿನ ಗುಂಟ, ಜಂತಿಯ ಗುಂಟ ಹರಿದು, ತನಗೆ ಅನುಕೂಲವಾದ ಕಡೆ ಕೆಳಗಿಳಿಯುವುದು. ಪಾತ್ರೆ ಇಡಬೇಕಾದ ಜಾಗವೇ ಬೇರೆ, ಹೆಂಚು ಹೊದಿಸಬೇಕಾದ ಜಾಗವೇ ಬೇರೆ. ವಿಮಾನದ ರೆಕ್ಕೆಯೊಳಗಿನ ಪೆಟ್ರೋಲು ಟ್ಯಾಂಕು ಸೋರುವಾಗಲೂ ಸ್ಥಿತಿ ಹೀಗೆಯೇ. ಮಾಳಿಗೆಯ ಸೋರಿಕೆಯಿಂದ ಹಾಸಿಗೆ ನೆನೆದೀತು, ಅಷ್ಟೆ. ಪೆಟ್ರೋಲಿನ ಸೋರಿಕೆಯ ಫಲ ಬೇರೆ. ಆ ಟ್ಯಾಂಕಿನಿಂದ ಒಂದು ಮೊಳ ದೂರದಲ್ಲಿ ವಿಮಾನವನ್ನು ನಡೆಸುವವನೇ ಕುಳಿತಿರುತ್ತಾನೆ. ನಾವು ಇಲ್ಲಿ ವಿಚಾರಿಸುವ ವಿಮಾನಗಳಲ್ಲಿ ಅವನೇ ಆ ಟ್ಯಾಂಕನ್ನು ಕಟ್ಟಿದವನು ಕೂಡ.

ಮನೆಯ ಹಿತ್ತಲಿನಲ್ಲಿ, ಕಾರಿನ ಷೆಡ್ಡಿನಲ್ಲಿ ವಿಮಾನ ಕಟ್ಟುವ ಹವ್ಯಾಸ ಅಮೆರಿಕದಲ್ಲಿ ಬಹಳವಾಗಿ ಬೆಳೆದಿದೆ. 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಪಾಲ್ ಪೊಬೆರೆಜ್ನಿ ಎಂಬಾತ ಇಂಥ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದನು. ವಿಮಾನದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ತಮ್ಮ ಕಲಿಕೆಗಾಗಿಯೋ ವಿನೋದಕ್ಕಾಗಿಯೋ ಮಾಡಿದ್ದರೆ, ತಪಾಸಣೆಯ ಬಳಿಕ ಅದನ್ನು ಹಾರಿಸಲು ಅಲ್ಲಿಯ ಕಾನೂನು ಅನುಮತಿ ಕೊಡುವುದು. ಆರೆಗಾನ್ ರಾಜ್ಯದ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ರೂಪಿಸಿದ 'ಆರ್‌ವಿ' ಮಾದರಿಯ ವಿಮಾನಗಳು ಇವುಗಳಲ್ಲಿ ಬಹಳ ಜನಪ್ರಿಯ. ಅವು ಇದುವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಆಕಾಶಕ್ಕೇರಿವೆ. ಉದಾಹರಣೆಗಾಗಿ ನಾವು ಈ ಮಾದರಿಯ ಒಂದು ವಿಮಾನವನ್ನೇ, ಇಬ್ಬರು ಕೂರಬಲ್ಲ ಆರ್‌ವಿ-7 ಅನ್ನು, ತೆಗೆದುಕೊಳ್ಳೋಣ.

ಇದರ ಪ್ರತಿಯೊಂದು ರೆಕ್ಕೆಯ ಮುಂಚೂಣಿಯಲ್ಲಿ, ಒಡಲಿಗೆ ಅಂಟಿದಂತೆ, ಸುಮಾರು 80 ಲೀಟರು ಹಿಡಿಯುವ ಟ್ಯಾಂಕು ಇದೆ. ರೆಕ್ಕೆಯೊಳಗೆ ಬೇರೊಂದು ಡಬ್ಬಿಯನ್ನು ಕೂರಿಸಿಲ್ಲವೆಂಬುದನ್ನು ಗಮನಿಸಬೇಕು. ರೆಕ್ಕೆಯ ಹೊದಿಕೆಯೇ ಟ್ಯಾಂಕಿನ ಗೋಡೆ. ಒಂದು ಮಿಲಿಮೀಟರಿಗಿಂತಲೂ ತೆಳುವಾದ ಅಲ್ಯುಮಿನಿಯಂ ಮಿಶ್ರಲೋಹದ ತಗಡನ್ನು ಮೂಗಿನಾಕಾರದಲ್ಲಿ ಬಾಗಿಸಿ, ಒಳಗೆ ಅಡ್ಡಡ್ಡಲಾಗಿ ಪಕ್ಕೆಲುಬುಗಳನ್ನಿಟ್ಟು, ಹಿಂದೆ ಒಂದು ಗೋಡೆಯನ್ನು ಮುಚ್ಚಿ, ನೂರಾರು ರಿವೆಟ್ಟುಗಳಿಂದ ಹೊಲಿದಿರುವರು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿಯೂ, ಬೆಂಗಳೂರಿನಲ್ಲಿ ಕಟ್ಟುವ ತೇಜಸ್ ಯುದ್ಧವಿಮಾನದಲ್ಲಿಯೂ ರೆಕ್ಕೆಯೇ ಇಂಧನದ ಪಾತ್ರೆ. ಇದಕ್ಕೆ ಎರಡು ಕಾರಣಗಳುಂಟು. ಬೇರೆ ಡಬ್ಬಿಯ ತೂಕ ಉಳಿಯುವುದು ಒಂದು. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಾಗಿಸಲೆತ್ನಿಸುವುದು. ಇಂಧನದ ಭಾರ ಆ ರೆಕ್ಕೆಯಲ್ಲಿಯೇ ಕುಳಿತು ಅದನ್ನು ಕೆಳಕ್ಕೆಳೆಯುವುದರಿಂದ ಬುಡದ ಮೇಲಿನ ಶ್ರಮ ತಗ್ಗುವುದು. ಇದು ಇನ್ನೊಂದು. ಆದರೆ ಈ ಲಾಭಕ್ಕೆ ಬೆಲೆ ತೆರಬೇಕು. ಪ್ರತಿಯೊಂದು ರಿವೆಟ್ಟಿನ ರಂಧ್ರವೂ ಟ್ಯಾಂಕಿಗೆ ಕೊರೆದ ರಂಧ್ರವೇ, ಪ್ರತಿಯೊಂದು ಜೋಡಣೆಯೂ ಸೋರಬಲ್ಲ ಸಂದೇ.

ಲೋಹಕ್ಕೆ ಲೋಹವನ್ನು ಎಷ್ಟು ಬಿಗಿದರೂ ನಡುವೆ ಸೂಕ್ಷ್ಮವಾದ ಸಂದು ಉಳಿಯುವುದು. ಅದರಲ್ಲಿ ಪೆಟ್ರೋಲು ನುಸುಳುವ ಬಗೆಯನ್ನು ಅರಿಯಲು ಪ್ರಯೋಗಶಾಲೆಯಲ್ಲಿ ಕಲಿತ ಎರಡು ಗುಣಗಳನ್ನು ನೆನೆಯೋಣ: ಸ್ನಿಗ್ಧತೆ ಮತ್ತು ಮೇಲ್ಮೈ ಎಳೆತ. ಪೆಟ್ರೋಲಿನ ಸ್ನಿಗ್ಧತೆ ನೀರಿನದರ ಸುಮಾರು ಅರ್ಧದಷ್ಟು. ಎಂದರೆ, ಒಂದೇ ಒತ್ತಡದಲ್ಲಿ ಒಂದೇ ಸಂದಿನ ಮೂಲಕ ಅದು ನೀರಿಗಿಂತ ಇಮ್ಮಡಿ ವೇಗದಲ್ಲಿ ಹರಿದೀತು. ಆದರೆ ನಿಜವಾದ ವ್ಯತ್ಯಾಸ ಇದಲ್ಲ. ನೀರಿನ ಮೇಲ್ಮೈ ಎಳೆತ ಸೆಂಟಿಮೀಟರಿಗೆ 72 ಡೈನ್; ಪೆಟ್ರೋಲಿನದು ಸುಮಾರು 20 ಮಾತ್ರ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ ತ್ರಿಜ್ಯವುಳ್ಳ ರಂಧ್ರದ ಹೊರತುದಿಯಲ್ಲಿ ನೀರು ಪುಟ್ಟ ಗುಮ್ಮಟದಂತೆ ಉಬ್ಬಿ ನಿಲ್ಲುವುದು. ಹೊರಮೈ ಒದ್ದೆಯಾಗದಿದ್ದರೆ, ಆ ಗುಮ್ಮಟ ಸುಮಾರು ಒಂದೂವರೆ ಮೀಟರು ಎತ್ತರದ ನೀರಿನ ಒತ್ತಡವನ್ನು ತಡೆಯಬಲ್ಲದೆಂದು ಲೆಕ್ಕ ತೋರಿಸುತ್ತದೆ. ರೆಕ್ಕೆಯ ಟ್ಯಾಂಕಿನ ಆಳವಾದರೋ ಒಂದು ಗೇಣಿನಷ್ಟು. ಆದುದರಿಂದ ನೀರು ತುಂಬಿಸಿ ನೋಡಿದರೆ ಇಂಥ ರಂಧ್ರ ಸೋರುವುದೇ ಇಲ್ಲ! ಪೆಟ್ರೋಲು ಹಾಗೆ ಗುಮ್ಮಟವಾಗಿ ನಿಲ್ಲದು. ಅದು ಲೋಹದ ಮೈಯನ್ನು ಪೂರ್ತಿಯಾಗಿ ತೋಯಿಸುವ ದ್ರವ. ರಂಧ್ರದ ಬಾಯಿಗೆ ಬಂದೊಡನೆ ಸುತ್ತಲೂ ಹರಡಿಕೊಂಡು ತೆಳುವಾದ ಪೊರೆಯಾಗಿ ಆವಿಯಾಗುತ್ತದೆ. ತಡೆಯುವ ಗುಮ್ಮಟವೇ ಇಲ್ಲದಿರುವಾಗ ಹರಿವು ನಿಲ್ಲುವ ಕಾರಣವೆಲ್ಲಿದೆ? ನೀರಿನಿಂದ ಪರೀಕ್ಷೆ ಮಾಡಿ ತೃಪ್ತಿಪಡುವವರು ಈ ವಿಚಾರವನ್ನು ಮನಸ್ಸಿನಲ್ಲಿಡಬೇಕು.

ಇದೇ ಕಾರಣದಿಂದ ಸೋರುವ ಪೆಟ್ರೋಲು ಹನಿಹನಿಯಾಗಿ ಬೀಳಲೇಬೇಕೆಂದಿಲ್ಲ. ಬಿದ್ದರೂ ಅದರ ಹನಿ ಚಿಕ್ಕದು, ನೀರಿನ ಹನಿಯ ಅರ್ಧಕ್ಕಿಂತಲೂ ಕಡಿಮೆ. ಹೆಚ್ಚಿನ ಸಂದರ್ಭಗಳಲ್ಲಿ ಕಣ್ಣಿಗೆ ಬೀಳುವುದು ಹನಿಯಲ್ಲ, ಕಲೆ. ಇಂಥ ವಿಮಾನಗಳಲ್ಲಿ ಸಾಮಾನ್ಯವಾಗಿ ಬಳಸುವ '100 ಎಲ್‌ಎಲ್' ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುವರು. ದ್ರವ ಆವಿಯಾಗಿ ಹೋದರೂ ಬಣ್ಣ ಉಳಿದು, ಯಾವುದೋ ಒಂದು ರಿವೆಟ್ಟಿನ ಸುತ್ತ ನೀಲಿ ಉಂಗುರವಾಗಿ ಕಾಣಿಸಿಕೊಳ್ಳುವುದು.

ಹಾಗಾದರೆ ಆ ರಿವೆಟ್ಟೇ ಅಪರಾಧಿಯೆ? ಅಲ್ಲ, ಅಥವಾ ಅಪರೂಪಕ್ಕೆ ಮಾತ್ರ ಹೌದು. ಹೆಂಚಿನ ಮನೆಯ ಮಾತು ಅನ್ವಯಿಸುವುದು ಇಲ್ಲಿಯೇ. ಪಕ್ಕೆಲುಬಿನ ಮಡಿಚಿದ ಅಂಚು ಹೊದಿಕೆಯ ತಗಡಿಗೆ ಆತುಕೊಂಡಿರುವ ಪಟ್ಟಿ ಉದ್ದಕ್ಕೂ ಒಂದು ಸೂಕ್ಷ್ಮ ಕಾಲುವೆ. ಒಳಗಡೆ ಲೇಪ ಬಿಟ್ಟುಹೋದ ಒಂದು ಬಿಂದುವಿನಲ್ಲಿ ಪೆಟ್ರೋಲು ಈ ಕಾಲುವೆಯನ್ನು ಪ್ರವೇಶಿಸಿ, ಲೋಮನಾಳ ಕ್ರಿಯೆಯಿಂದ ಎಳೆಯಲ್ಪಟ್ಟು, ಹತ್ತು ರಿವೆಟ್ಟುಗಳನ್ನು ದಾಟಿ, ಹನ್ನೊಂದನೆಯದು ಸ್ವಲ್ಪ ಸಡಿಲವಾಗಿದ್ದರೆ ಅದರ ಬಳಿ ಹೊರಬರುವುದು. ಸೋರಿಕೆಗೆ ಎರಡು ಬಾಯಿಗಳು: ಒಳಬಾಯಿ ಮತ್ತು ಹೊರಬಾಯಿ. ನಮಗೆ ಕಾಣುವುದು ಹೊರಬಾಯಿ, ಮುಚ್ಚಬೇಕಾದದ್ದು ಒಳಬಾಯಿ. ಇಡೀ ದುರಸ್ತಿಯ ಕಷ್ಟವೆಲ್ಲ ಈ ಒಂದು ಭೇದದಲ್ಲಿದೆ.

ಹೊರಗಿನಿಂದಲೇ ಅಂಟು ಬಳಿದು ಮುಗಿಸೋಣವೆಂಬ ಆಸೆ ಸಹಜ. ಟ್ಯಾಂಕು ಬಿಚ್ಚುವ ತೊಂದರೆಯಿಲ್ಲ, ಅರ್ಧ ಗಂಟೆಯ ಕೆಲಸ. ಆದರೆ ಮೂರು ಕಾರಣಗಳಿಂದ ಅದು ನಿಲ್ಲುವುದಿಲ್ಲ. ಹೊರಗಿನ ಲೇಪವನ್ನು ಒಳಗಿನ ಒತ್ತಡ ಗೋಡೆಯಿಂದ ಎಬ್ಬಿಸಲು ನೋಡುವುದು. ಒಳಗೆ ಬಳಿದ ಲೇಪವನ್ನಾದರೆ ಅದೇ ಒತ್ತಡ ಗೋಡೆಗೆ ಒತ್ತಿ ಹಿಡಿಯುವುದು. ಸಂದಿನಲ್ಲಿ ಪೆಟ್ರೋಲು ಇನ್ನೂ ಜಿನುಗುತ್ತಿರುವಾಗ ಯಾವ ಅಂಟೂ ಲೋಹವನ್ನು ಮುಟ್ಟಲಾರದು. ಕೊನೆಯದಾಗಿ, ಈ ಹೊರಬಾಯಿ ಮುಚ್ಚಿದರೂ ಕಾಲುವೆ ತುಂಬಿಯೇ ಇರುವುದರಿಂದ ಪೆಟ್ರೋಲು ಮುಂದಿನ ರಿವೆಟ್ಟನ್ನು ಹುಡುಕಿಕೊಂಡು ಹೋಗುವುದು. ಇದಕ್ಕೆ ಒಂದೇ ಒಂದು ಅಪವಾದವನ್ನು ನಾವು ಒಪ್ಪಬಹುದು. ರಿವೆಟ್ಟೇ ನಿಜವಾಗಿ ಸಡಿಲವಾಗಿದ್ದು, ಟ್ಯಾಂಕು ಇನ್ನೂ ಪೆಟ್ರೋಲು ಕಾಣದೆ ಒಣಗಿರುವಾಗ, ಒಳಗಿನ ಗಾಳಿಯನ್ನು ತುಸುವೇ ಹೀರಿ, ಲಾಕ್‌ಟೈಟ್ 290 ಎಂಬ ತೆಳುವಾದ ಹಸಿರು ಅಂಟನ್ನು ರಿವೆಟ್ಟಿನ ತಲೆಗೆ ಹಚ್ಚುವರು. ಅದು ಸಂದಿನೊಳಕ್ಕೆ ತಾನಾಗಿಯೇ ನುಗ್ಗಿ, ಗಾಳಿಯ ಸಂಪರ್ಕ ತಪ್ಪಿದಲ್ಲಿ ಲೋಹದ ನಡುವೆ ಗಟ್ಟಿಯಾಗುವುದು. ಇನ್ನು ಟ್ಯಾಂಕಿನೊಳಗೆ ದ್ರವಲೇಪವೊಂದನ್ನು ಸುರಿದು, ಟ್ಯಾಂಕನ್ನು ಹೊರಳಿಸಿ ಒಳಮೈಗೆಲ್ಲ ಹಬ್ಬಿಸುವ ಹಳೆಯ ಪದ್ಧತಿಯೊಂದಿತ್ತು. ವರ್ಷಗಳ ಬಳಿಕ ಆ ಪೊರೆ ಸಿಪ್ಪೆಸಿಪ್ಪೆಯಾಗಿ ಎದ್ದು, ಇಂಧನ ಹೋಗುವ ಜಾಲರಿಗೆ ಅಡ್ಡಬಂದ ಪ್ರಸಂಗಗಳುಂಟು. ಸೋರುವ ಟ್ಯಾಂಕು ಹಾರುವ ಮೊದಲೇ ಎಚ್ಚರಿಸುವುದು. ಕಟ್ಟಿಕೊಂಡ ಜಾಲರಿ ಹಾರುವಾಗ ಎಂಜಿನನ್ನು ನಿಲ್ಲಿಸುವುದು. ರೋಗಕ್ಕಿಂತ ಮದ್ದೇ ಕೆಟ್ಟದ್ದೆನ್ನಬೇಕು.

ಒಳಬಾಯಿಯನ್ನು ಹುಡುಕುವ ಕೆಲಸಕ್ಕೆ ಗಾಳಿ ಮತ್ತು ಸಾಬೂನು ನೀರು ಸಾಕು. ಸೈಕಲ್ ಟ್ಯೂಬಿನ ತೂತನ್ನು ಹುಡುಕುವವನೂ ಇದೇ ತತ್ತ್ವವನ್ನು ಬಳಸುವನು. ಗಾಳಿಯ ಸ್ನಿಗ್ಧತೆ ಪೆಟ್ರೋಲಿನದರ ಸುಮಾರು ಮೂವತ್ತರಲ್ಲೊಂದು ಭಾಗ; ಪೆಟ್ರೋಲು ಜಿನುಗಲು ಗಂಟೆಗಟ್ಟಲೆ ಹಿಡಿಯುವ ಸಂದಿನಲ್ಲಿಯೂ ಗಾಳಿ ಗುಳ್ಳೆ ಎಬ್ಬಿಸಬಲ್ಲದು. ಹಿಂಗೋಡೆಯನ್ನು ಮುಚ್ಚಿಯಾದ ಮೇಲೆ ಗುಳ್ಳೆ ಕಾಣುವುದು ಹೊರಬಾಯಿಯಲ್ಲಿಯೇ, ನಿಜ. ಆದರೆ ಅದರಿಂದ ಯಾವ ಪಕ್ಕೆಲುಬಿನ ಕಾಲುವೆ ಎಂಬುದಾದರೂ ನಿರ್ಧಾರವಾಗುವುದು; ಒಳಬಾಯಿ ಆ ಪಟ್ಟಿಯ ಮೇಲೆಯೇ ಎಲ್ಲಿಯೋ ಇದೆ.

ಗಾಳಿ ತುಂಬುವಾಗ ಸಂಕೋಚ ಬೇಕು. ಚದರ ಅಂಗುಲಕ್ಕೆ ಒಂದು ಪೌಂಡಿನ ಒತ್ತಡ, ಎಂದರೆ ಸುಮಾರು 70 ಸೆಂಟಿಮೀಟರು ನೀರಿನ ಒತ್ತಡ, ಕೇಳಲು ಅಲ್ಪವೆನಿಸುವುದು. ಮೋಟಾರು ಟಯರಿನಲ್ಲಿ ಅದರ ಮೂವತ್ತರಷ್ಟು ಇರುತ್ತದೆ. ಆದರೆ ಹಿಂಗೋಡೆ ಸುಮಾರು ಒಂದೂವರೆ ಮೀಟರು ಉದ್ದ, 20 ಸೆಂಟಿಮೀಟರು ಅಗಲವಿದ್ದರೆ, ಅದರ ಮೇಲೆ ಬೀಳುವ ಒಟ್ಟು ಬಲ ಇನ್ನೂರು ಕಿಲೋಗ್ರಾಮ್ ಭಾರಕ್ಕೆ ಸಮ. ತೆಳುತಗಡಿನ ಮೇಲೆ ಮೂವರು ದೃಢಕಾಯರು ನಿಂತಂತೆ! ಗಾಳಿ ತುಂಬುವ ಯಂತ್ರವನ್ನು ನೇರವಾಗಿ ಜೋಡಿಸಿ ಟ್ಯಾಂಕನ್ನು ಉಬ್ಬಿಸಿ ಕೆಡಿಸುವುದಕ್ಕೆ ಕ್ಷಣಮಾತ್ರ ಸಾಕು. ಜಾಣರು ಟ್ಯಾಂಕಿನ ಒಂದು ಕೊಳವೆಗೆ ಮಕ್ಕಳ ಬಲೂನನ್ನು ಕಟ್ಟುವರು. ಅದು 20-30 ಸೆಂಟಿಮೀಟರು ನೀರಿನ ಒತ್ತಡದಲ್ಲಿಯೇ ಉಬ್ಬುವುದರಿಂದ ಒತ್ತಡದ ಮಾಪಕವೂ ರಕ್ಷಣೆಯ ಕವಾಟವೂ ಆಗುವುದು.

ಬಲೂನು ಕುಗ್ಗಿದರೆ ಸೋರಿಕೆಯಿದೆಯೆಂದೇ ಅರ್ಥವೆ? ಇಲ್ಲಿ ನಮ್ಮ ವಿದ್ಯಾರ್ಥಿಗಳು ತಾವು ಕಲಿತ ಅನಿಲ ನಿಯಮವನ್ನು ಉಪಯೋಗಿಸಬಹುದು. ಬಲೂನಿಗೆ ಬದಲಾಗಿ ನೀರು ತುಂಬಿದ ಗಾಜಿನ ಯು-ಕೊಳವೆಯನ್ನು ಜೋಡಿಸಿ, ಎಲ್ಲವನ್ನೂ ಮುಚ್ಚಿ, ನೀರಿನ ಮಟ್ಟವನ್ನು ಗುರುತಿಸಿದೆವೆನ್ನೋಣ. ವಾಯುಮಂಡಲದ ಒತ್ತಡ ಸುಮಾರು 1033 ಸೆಂಟಿಮೀಟರು ನೀರಿಗೆ ಸಮ. ಕೋಣೆಯ ನಿರಪೇಕ್ಷ ಉಷ್ಣತೆ 300 ಡಿಗ್ರಿ. ಒಳಗಿನ ಗಾಳಿ ಒಂದೇ ಒಂದು ಡಿಗ್ರಿ ತಣ್ಣಗಾದರೆ ಒತ್ತಡ 300ರಲ್ಲೊಂದು ಭಾಗ, ಎಂದರೆ ಸುಮಾರು ಮೂರೂವರೆ ಸೆಂಟಿಮೀಟರು, ಇಳಿಯುವುದು. ಬಿಸಿಲಿನಲ್ಲಿಟ್ಟ ಟ್ಯಾಂಕಿನ ಮೇಲೆ ಮೋಡದ ನೆರಳು ಬಿದ್ದು ಹತ್ತು ಡಿಗ್ರಿ ಇಳಿದರೆ, ಒಂದು ತೊಟ್ಟೂ ಸೋರದ ಟ್ಯಾಂಕು ತನ್ನ ಒತ್ತಡದಲ್ಲಿ 34 ಸೆಂಟಿಮೀಟರನ್ನು ಕಳೆದುಕೊಳ್ಳುವುದು. ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಕರ್ನಾಟಕದಂಥ ಉಷ್ಣವಲಯದ ಪ್ರದೇಶಗಳಲ್ಲಿ ಬೆಳಗಿನ ಹತ್ತು ಗಂಟೆಯಿಂದ ಸಂಜೆ ನಾಲ್ಕರವರೆಗೆ ವಾಯುಭಾರ ದಿನದಿನವೂ ಮೂರು ನಾಲ್ಕು ಮಿಲಿಬಾರಿನಷ್ಟು ತಗ್ಗುವುದು. ಹೊರಗಿನ ಒತ್ತಡ ತಗ್ಗಿದಾಗ ಕೊಳವೆಯ ನೀರು ಅಷ್ಟೇ ಸೆಂಟಿಮೀಟರು ಏರಿ, ನಿಜವಾದ ಸಣ್ಣ ಸೋರಿಕೆಯೊಂದನ್ನು ಮುಚ್ಚಿಹಾಕಬಲ್ಲದು. ಆದುದರಿಂದ ಉಷ್ಣತಾಮಾಪಕವನ್ನೂ ವಾಯುಭಾರಮಾಪಕವನ್ನೂ ನೋಡದೆ ಕೊಳವೆಯ ಸಾಕ್ಷ್ಯವನ್ನು ನಂಬಲಾಗದು. ಸಾಬೂನಿನ ಗುಳ್ಳೆಯಾದರೋ ಹವಾಮಾನಕ್ಕೆ ಮೋಸಹೋಗುವುದಿಲ್ಲ.

ಒಳಬಾಯಿಯನ್ನು ತಲುಪಲು ಹಲವೊಮ್ಮೆ ದಾರಿಯೇ ಇರುವುದಿಲ್ಲ. ಒಡಲಿನ ಕಡೆಯ ಪಕ್ಕೆಲುಬಿಗೆ ಕೈ ತೂರುವ ಮುಚ್ಚಳವೊಂದಿದೆ. ಅದರ ಸುತ್ತಲಿನ ತಿರುಪುಗಳೇ ಸೋರುತ್ತಿದ್ದರೆ ಅದೃಷ್ಟವೆನ್ನಬೇಕು. ಉಳಿದ ಕೋಣೆಗಳಿಗೆ ಹೋಗಬೇಕಾದರೆ ಹಿಂಗೋಡೆಯಲ್ಲಿ ಅಂಗೈ ಅಗಲದ ರಂಧ್ರ ಕೊರೆದು, ಒಳಗೆ ಕೆಲಸ ಮುಗಿಸಿ, ಆಮೇಲೆ ತಗಡಿನ ತೇಪೆಯಿಂದ ಮುಚ್ಚಬೇಕು. ತಾವೇ ವರ್ಷಗಟ್ಟಲೆ ಶ್ರಮಿಸಿ ಕಟ್ಟಿದ ಗೋಡೆಗೆ ಕೊರೆಯುಳಿ ಹಿಡಿಯಲು ಯಾರಿಗೂ ಕೈ ಬರುವುದಿಲ್ಲ. ಆದರೂ ಹೊರಗೆ ನಾಲ್ಕು ಸಲ ಬಳಿದು ಸೋಲುವುದಕ್ಕಿಂತ ಒಳಗೆ ಒಮ್ಮೆ ಹೋಗುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಆದರೆ ಕೊರೆಯುವ ಮುನ್ನ ಒಂದು ಲೆಕ್ಕ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇಕಡ 1.4ರಷ್ಟಾದರೆ ಅದು ಸ್ಫೋಟಿಸಬಲ್ಲ ಮಿಶ್ರಣ. 80 ಲೀಟರಿನ ಟ್ಯಾಂಕಿನಲ್ಲಿ ಅಷ್ಟು ಆವಿ ತುಂಬಲು ಬೇಕಾಗುವ ದ್ರವ ಪೆಟ್ರೋಲು ಆರೇಳು ಮಿಲಿಲೀಟರು, ಎಂದರೆ ಒಂದೂವರೆ ಚಹಾ ಚಮಚ! ಇಷ್ಟು ಪೆಟ್ರೋಲು ಯಾವುದೋ ಮೂಲೆಯಲ್ಲಿ, ಯಾವುದೋ ಸಂದಿನಲ್ಲಿ ಉಳಿಯದಿರುವುದೇ ಕಷ್ಟ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆಯಿಲ್ಲ. ಖಾಲಿ ಮಾಡಿದ ಟ್ಯಾಂಕಿನಲ್ಲಿ ಗಾಳಿಯೂ ಆವಿಯೂ ಎರಡೂ ಇವೆ. ಆದುದರಿಂದ ಖಾಲಿ ಟ್ಯಾಂಕೇ ಹೆಚ್ಚು ಭಯಂಕರ. ಸಾಬೂನು ನೀರಿನಿಂದ ತೊಳೆದು, ಬಹಳ ಹೊತ್ತು ಹೊಸ ಗಾಳಿಯನ್ನು ಹಾಯಿಸಿ, ಆವಿಯಿಲ್ಲವೆಂದು ಖಚಿತವಾದ ಬಳಿಕವೇ ಕಿಡಿ ಹಾರಿಸಬಲ್ಲ ಯಾವ ಉಪಕರಣವನ್ನಾದರೂ ಹತ್ತಿರ ತರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಅದು ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದೆಂಬುದನ್ನು ಮರೆಯಬಾರದು.

ಈಗ ಲೇಪದ ವಿಷಯ. ಸಾಮಾನ್ಯ ರಬ್ಬರು ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗುವುದು. ಎರಡೂ ಇಂಗಾಲ ಜಲಜನಕಗಳ ಬಂಧುಗಳಾದುದರಿಂದ ಒಂದು ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳುವುದು. ಗಟ್ಟಿಯಾದ ಅಂಟುಗಳನ್ನು ಬಳಸೋಣವೆಂದರೆ ಅಲ್ಯುಮಿನಿಯಂ ಸುಮ್ಮನಿರುವ ಲೋಹವಲ್ಲ. ಒಂದೂವರೆ ಮೀಟರಿನ ಟ್ಯಾಂಕು 50 ಡಿಗ್ರಿಗಳ ಏರಿಳಿತದಲ್ಲಿ ಒಂದೂಮುಕ್ಕಾಲು ಮಿಲಿಮೀಟರು ಉದ್ದವಾಗಿ ಕುಗ್ಗುವುದು. ಜೊತೆಗೆ ಹಾರುವಾಗ ರೆಕ್ಕೆ ಬಾಗುವುದು. ಬಾಗದ ಅಂಟು ಬಿರಿಯದೆ ಇರದು. ಬಾಗಬೇಕು, ಆದರೆ ಪೆಟ್ರೋಲಿಗೆ ಕರಗಬಾರದು. ಇಂಥ ವಸ್ತು ಬೇಕು.

ಅದು ದೊರೆತದ್ದು ಬೇರೆ ಯಾವುದನ್ನೋ ಹುಡುಕುವಾಗ. 1920ರ ದಶಕದಲ್ಲಿ ಜೋಸೆಫ್ ಪ್ಯಾಟ್ರಿಕ್ ಎಂಬ ಅಮೆರಿಕದ ರಸಾಯನವಿಜ್ಞಾನಿ, ಮೋಟಾರಿನ ನೀರು ಚಳಿಯಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಅಗ್ಗದ ದ್ರವವೊಂದನ್ನು ತಯಾರಿಸಲು ಎಥಿಲೀನ್ ಡೈಕ್ಲೋರೈಡ್ ಮತ್ತು ಸೋಡಿಯಂ ಪಾಲಿಸಲ್ಫೈಡ್‌ಗಳನ್ನು ಬೆರೆಸಿದನು. ಬಂದದ್ದು ದುರ್ವಾಸನೆಯ ಒಂದು ಅಂಟುಮುದ್ದೆ. ಸಾಮಾನ್ಯ ದ್ರಾವಕಗಳು ಅದನ್ನು ಕರಗಿಸಲಾರದಾದವು. ಗ್ರೀಕ್ ಭಾಷೆಯಲ್ಲಿ ಗಂಧಕ ಮತ್ತು ಅಂಟು ಎಂಬ ಅರ್ಥವುಳ್ಳ ಎರಡು ಪದಗಳಿಂದ ಅದಕ್ಕೆ 'ಥಯೋಕಾಲ್' ಎಂದು ಹೆಸರಾಯಿತು. 1940ರ ದಶಕದಲ್ಲಿ ಇದೇ ವಸ್ತುವನ್ನು ದ್ರವರೂಪದಲ್ಲಿ ತಯಾರಿಸುವ ಬಗೆ ತಿಳಿದ ಮೇಲೆ ವಿಮಾನದ ಟ್ಯಾಂಕುಗಳಿಗೆ ಹೇಳಿಮಾಡಿಸಿದ ಲೇಪ ಸಿಕ್ಕಂತಾಯಿತು. ಇದರ ಅಣುಸರಪಳಿಯಲ್ಲಿ ಗಂಧಕದ ಪರಮಾಣುಗಳು ದಟ್ಟವಾಗಿ ಕುಳಿತಿರುವುದರಿಂದ ಪೆಟ್ರೋಲಿಗೆ ಇದು ಬಂಧುವಲ್ಲ. ಸರಪಳಿಗಳ ತುದಿಯಲ್ಲಿ ಗಂಧಕ-ಜಲಜನಕದ ಜೋಡಿಗಳಿವೆ. ಮ್ಯಾಂಗನೀಸ್ ಡೈಆಕ್ಸೈಡನ್ನು ಬೆರೆಸಿದಾಗ ಜಲಜನಕ ಕಳಚಿಕೊಂಡು, ಗಂಧಕಕ್ಕೆ ಗಂಧಕ ಸೇರಿ ಸರಪಳಿಗಳೆಲ್ಲ ಒಂದಾಗುವುವು, ದ್ರವ ರಬ್ಬರಾಗುವುದು. ನಮ್ಮ ತಲೆಗೂದಲಿಗೆ ಬಿಗಿ ಕೊಡುವುದೂ ಇದೇ ಗಂಧಕ-ಗಂಧಕದ ಬಂಧ.

ಎರಡು ಡಬ್ಬಿಗಳಲ್ಲಿ ಬರುವ ಈ ಲೇಪವನ್ನು ಸಾಮಾನ್ಯವಾಗಿ 10ಕ್ಕೆ 1ರಂತೆ ತೂಕ ಮಾಡಿ ಕಲಸುವರು, ಅಳತೆ ಅಂದಾಜಿನದಾಗಬಾರದು. ಒಂದು ಬಿಳಿ, ಒಂದು ಕಪ್ಪು. ಕಲಸಿದ ಮುದ್ದೆಯಲ್ಲಿ ಗೆರೆಗೆರೆಯಾಗಿ ಬಿಳುಪು ಕಾಣುವವರೆಗೂ ಕಲಸಿದ್ದು ಸಾಲದು. ಏಕರೂಪದ ಬೂದುಬಣ್ಣ ಬರಬೇಕು. 'ಬಿ-2' ಎಂದು ಗುರುತಿಸಿದ್ದರೆ ಕೈಯಲ್ಲಿ ಎರಡು ಗಂಟೆಗಳ ಅವಧಿಯಿದೆಯೆಂದರ್ಥ.

ಅಂಟು ಹಿಡಿಯುವುದು ಬಿಡುವುದು ಲೋಹದ ಮೈಯನ್ನು ಅವಲಂಬಿಸಿದೆ. ಉಪ್ಪುಕಾಗದದಿಂದ ಉಜ್ಜಿ, ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಒಣಬಟ್ಟೆಯಿಂದ ತೆಗೆಯಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡೆಲ್ಲ ಪುನಃ ಅಲ್ಲಿಯೇ ಕೂರುವುದು. ಶುಚಿತ್ವದ ಪರೀಕ್ಷೆ ಸುಲಭ. ಒಂದು ಅಲ್ಯುಮಿನಿಯಂ ತಟ್ಟೆಯಿಂದ ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿ ನೋಡಬಹುದು. ಮೈಮೇಲೆ ನೀರು ಸುರಿದಾಗ ಅದು ಒಡೆಯದೆ ಒಂದೇ ಹಾಳೆಯಾಗಿ ನಿಂತರೆ ಜಿಡ್ಡಿಲ್ಲ. ಹನಿಗಳಾಗಿ ಒಡೆದರೆ ಜಿಡ್ಡು ಇನ್ನೂ ಉಂಟು. ಆ ಬಳಿಕ ಲೋಹವನ್ನು ಚೆನ್ನಾಗಿ ಒಣಗಿಸಿ, ಮೊದಲು ತೆಳುವಾಗಿ ಕುಂಚದಿಂದ ತಿಕ್ಕಿ ಬಳಿಯುವರು. ಅನಂತರ ಮೂಲೆಯ ಉದ್ದಕ್ಕೂ ಗದ್ದೆಯ ಬದುವಿನಂತೆ ದುಂಡಗೆ ಏರಿ ಕಟ್ಟುವರು. ಏರಿಯೊಳಗೆ ಗಾಳಿಯ ಗುಳ್ಳೆ ಉಳಿದರೆ ಅದೇ ನಾಳೆಯ ಕಾಲುವೆ. ಹಳೆಯ ಲೇಪ ಲೋಹಕ್ಕೆ ಭದ್ರವಾಗಿದ್ದರೆ ಅದನ್ನು ಉಜ್ಜಿ ಒರೆಸಿ ಅದರ ಮೇಲೆಯೇ ಹೊಸದನ್ನು ಕೂರಿಸಬಹುದು. ಎದ್ದಿರುವ ಭಾಗವನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಕಿತ್ತೆಸೆಯಬೇಕು.

ಸೋರಿಕೆಯನ್ನು ಕಡಿಮೆ ಮಾಡುವುದು ಸುಲಭ. ಚಪ್ಪಟೆಯಾದ ಸಂದಿನಲ್ಲಿ ಹರಿವು ಸಂದಿನ ಅಗಲದ ಘನಕ್ಕೆ ಅನುಗುಣವಾಗಿರುವುದರಿಂದ, ಅಗಲ ಅರ್ಧವಾದರೆ ಹರಿವು ಎಂಟರಲ್ಲೊಂದು ಭಾಗಕ್ಕಿಳಿಯುವುದು. ಪೂರ್ತಿಯಾಗಿ ನಿಲ್ಲಿಸುವುದೇ ಕಠಿಣ. ಶಬ್ದದ ಮೂರರಷ್ಟು ವೇಗದಲ್ಲಿ ಹಾರುತ್ತಿದ್ದ ಅಮೆರಿಕದ ಎಸ್‌ಆರ್-71 ಬೇಹು ವಿಮಾನದ ಎಂಜಿನಿಯರುಗಳು ಈ ಪ್ರಯತ್ನದಲ್ಲಿ ಸೋತು, ಯಾವ ಸ್ಥಳದಲ್ಲಿ ನಿಮಿಷಕ್ಕೆ ಎಷ್ಟು ಹನಿ ಸೋರಿದರೆ ಅಡ್ಡಿಯಿಲ್ಲವೆಂಬ ಪಟ್ಟಿಯನ್ನೇ ಇಟ್ಟುಕೊಂಡಿದ್ದರು. ಹಾರಾಟದ ತೀವ್ರ ಶಾಖಕ್ಕೆ ಅದರ ಲೇಪ ತಾಳುತ್ತಿರಲಿಲ್ಲ. ಆದರೆ ಆ ವಿಮಾನದ ಇಂಧನ 60 ಡಿಗ್ರಿಗೆ ಕಾಯುವವರೆಗೆ ಕಿಡಿ ಸೋಕಿದರೂ ಹೊತ್ತಿಕೊಳ್ಳದಂಥದು. ನಮ್ಮ ಹವ್ಯಾಸಿಯ ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವುದರಿಂದ ಅವನಿಗೆ ಆ ರಿಯಾಯಿತಿ ಇಲ್ಲ.

ಲೇಪ ಪೂರ್ತಿ ಗಟ್ಟಿಯಾಗಲು ದಿನಗಳು ಹಿಡಿಯುವುವು. ಚಳಿಗಾಲದಲ್ಲಿ ಇನ್ನೂ ಹೆಚ್ಚು. ಆಮೇಲೆ ಪುನಃ ಬಲೂನು, ಪುನಃ ಸಾಬೂನು. ಅದರಲ್ಲಿ ತೇರ್ಗಡೆಯಾದ ಟ್ಯಾಂಕಿಗೆ ಕೆಲವು ಲೀಟರು ಪೆಟ್ರೋಲು ಹಾಕಿ, ದುರಸ್ತಿಯಾದ ಮೂಲೆ ಕೆಳಗೆ ಬರುವಂತೆ ಓರೆಯಾಗಿ ನಿಲ್ಲಿಸಿ, ಹೊರಗಿನ ಸಂದುಗಳ ಮೇಲೆ ಸೀಮೆಸುಣ್ಣದ ಪುಡಿಯನ್ನು ಉದುರಿಸುವರು. ಎರಡು ಮೂರು ದಿನ ಕಳೆದರೂ ಬಿಳಿಯ ಪುಡಿಯ ಮೇಲೆ ನೀಲಿ ಕಾಣಿಸದಿದ್ದರೆ, ಟ್ಯಾಂಕನ್ನು ರೆಕ್ಕೆಯ ತೊಲೆಗೆ ಮತ್ತೆ ಬಿಗಿಯಬಹುದು.